ಟ್ರಂಕ್ ಅಟ್ಟದ ಮೇಲೆಯೇ ಇತ್ತು

ಬಾಂದ್ರಾ ಪೂರ್ವದ ಕಾರ್ಮಿಕ ನ್ಯಾಯಾಲಯದಲ್ಲಿ ಹೋಟೆಲ್ ಕೆಲಸಗಾರರ ಗ್ರಾಚ್ಯುಟಿ (ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ಮಾಲೀಕರು ಕೊಡಬೇಕಾದ ಇಡಿಗಂಟು) ಅರ್ಜಿಗಳನ್ನು ನಡೆಸುವ ಕನ್ನಡದ ವಕೀಲರು ಹೆಚ್ಚು ಮಂದಿ ಇಲ್ಲ. ಇರುವವರು ಒಬ್ಬರನ್ನೊಬ್ಬರು ಬಲ್ಲೆವು. ಸುಮಾರು ಹತ್ತು ವರ್ಷಗಳ ಹಿಂದೆ, ಭಾನುವಾರಗಳಂದು ಕಾನೂನು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಕೆಲಸಗಾರರ ಕಥೆ ಬರೆಸುತ್ತೇನೆ ಎಂದು ನಾನು ಹೇಳಿದಾಗ ವಕೀಲರ ಬಾರ್ ರೂಮಿನಲ್ಲಿ ನಕ್ಕವರಲ್ಲಿ ಇಬ್ಬರು ಕಳೆದ ಮಳೆಗಾಲದಲ್ಲಿ ಬಂದು, ಆ ಕಥೆಗಳನ್ನು ನಾವು ಬರೆದುಕೊಳ್ಳುವ ತಾರೀಖು ಪಟ್ಟಿಯ ಖಾಲಿ ಪ್ರತಿಯೊಂದನ್ನು ಕೇಳಿ ಪಡೆದುಕೊಂಡು ಹೋದರು. ಪ್ರತಿ ಕೊಟ್ಟೆ, ಅದನ್ನು ತುಂಬುವ ಬಗೆಯನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಖಾಲಿ ಹಾಳೆಯಿಂದ ಅವರಿಗೆ ಏನೂ ಆಗದು ಎಂಬ ಪಶ್ಚಾತ್ತಾಪದಿಂದ ಇದನ್ನು ಬರೆಯುತ್ತಿದ್ದೇನೆ. ಕಾಯ್ದೆಯ ಕಲಮುಗಳನ್ನು ವಿವರಿಸುವ ಗೋಜಿಗೆ ಹೋಗುವುದಿಲ್ಲ, ಓದುವವರಿಗೆ ಅವು ಗೊತ್ತೇ ಇವೆ. ಅಂಕಿಗಳು ನೆನಪಿನಿಂದ ಬಂದವು, ಅಲ್ಪಸ್ವಲ್ಪ ಆಚೀಚೆ ಇರಬಹುದು.

ಎಲ್ಲಕ್ಕೂ ಮೂಲ ನಾನು ಸೋತ ಒಂದು ಪ್ರಕರಣ. ಸುಮಾರು 2014ರ ಮಾತು. ಕುಂದಾಪುರದ ಕಡೆಯ ಒಬ್ಬರು, ದಾದರ್ ಬಳಿಯ ಹೋಟೆಲೊಂದರಲ್ಲಿ ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗನಾಗಿ ಸೇರಿ ಸಪ್ಲೈಯರ್ ಆಗಿ 21 ವರ್ಷ ದುಡಿದವರು. ಕೊನೆಯ ಸಂಬಳ ತಿಂಗಳಿಗೆ 9 ಸಾವಿರ. ತಿಂಗಳ ಸಂಬಳವನ್ನು ಇಪ್ಪತ್ತಾರರಿಂದ ಭಾಗಿಸಿ, ದುಡಿದ ವರ್ಷವೊಂದಕ್ಕೆ ಹದಿನೈದು ದಿನದಂತೆ ಎಣಿಸುವ ನಮ್ಮ ಮಾಮೂಲಿ ಲೆಕ್ಕದ ಪ್ರಕಾರ 1 ಲಕ್ಷ 9 ಸಾವಿರ ರೂಪಾಯಿ ಬರಬೇಕಿತ್ತು. ನಾನು ಚೇಂಬರಿನಲ್ಲಿ ಅರ್ಧ ಗಂಟೆ ಅವರ ಮಾತು ಕೇಳಿ, ಇಂಗ್ಲಿಷಿನಲ್ಲಿ ಅಫಿಡವಿಟ್ ಬರೆದು, ಹಿಂದಿಯಲ್ಲಿ ಅದರ ಸಾರ ಹೇಳಿ ಸಹಿ ಮಾಡಿಸಿದೆ. ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ಕೇಳಿದ ಪ್ರಶ್ನೆಗಳು ಮೂರೇ. ಎರಡು ವರ್ಷಕ್ಕೊಮ್ಮೆ ಹಿಸಾಬ್ ಮಾಡಿಕೊಂಡು ಊರಿಗೆ ಹೋಗುತ್ತಿದ್ದಿರಾ? ಹೌದು. ಹಿಸಾಬಿನ ಹಣ ಪೂರ್ತಿ ಸಿಗುತ್ತಿತ್ತೇ? ಸಿಗುತ್ತಿತ್ತು, ಮಾಲೀಕರು ಒಳ್ಳೆಯವರು. ಈ ಅಫಿಡವಿಟ್‌ನಲ್ಲಿ ಏನು ಬರೆದಿದೆ, ಗೊತ್ತೇ? ವಕೀಲರು ಬರೆದಿದ್ದಾರೆ, ಅವರಿಗೆ ಗೊತ್ತು. ಅಲ್ಲಿಗೆ ಎಲ್ಲ ಮುಗಿಯಿತು. ಪ್ರತಿ ಹಿಸಾಬಿಗೂ ಸೇವೆ ಕಡಿದುಹೋಗಿದೆ, ಗ್ರಾಚ್ಯುಟಿಗೆ ಬೇಕಾದ ಸತತ ಐದು ವರ್ಷದ ಸೇವೆ ರುಜುವಾತಾಗಿಲ್ಲ ಎಂದು ಆದೇಶವಾಯಿತು. ಆದೇಶದ ನಕಲು ಕೈಗೆ ಬರುವಾಗ ಅವರು ಊರಿನಲ್ಲಿದ್ದರು. ಮೇಲ್ಮನವಿಯ ಗಡುವೂ ದಾಟಿತು.

ಹೋಟೆಲಿನವರ ಬಾಯಲ್ಲಿ ಹಿಸಾಬ್ ಎಂದರೇನು ಎಂಬುದು ದಕ್ಷಿಣ ಕನ್ನಡದಲ್ಲಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಹೋಟೆಲ್ ಹುಡುಗರು ತಿಂಗಳ ಸಂಬಳವನ್ನು ಪೂರ್ತಿ ತೆಗೆಯುತ್ತಿರಲಿಲ್ಲ. ಕೈಖರ್ಚಿಗೆ ಸ್ವಲ್ಪ ಪಡೆದು, ಊರಿಗೆ ಒಂದಿಷ್ಟು ಕಳುಹಿಸಿ, ಉಳಿದದ್ದನ್ನು ಮಾಲೀಕರ ಪುಸ್ತಕದಲ್ಲೇ ಬಿಡುತ್ತಿದ್ದರು. ಭೂತದ ಕೋಲಕ್ಕೋ ತಂಗಿಯ ಮದುವೆಗೋ ಗದ್ದೆ ಕೆಲಸಕ್ಕೋ ಹೋಗುವಾಗ ಆ ಬಾಕಿಯನ್ನು ಲೆಕ್ಕ ಮಾಡಿಸಿ ತೆಗೆದುಕೊಳ್ಳುವುದೇ ಹಿಸಾಬ್. ಒಂದೂವರೆ ತಿಂಗಳ ನಂತರ ಅದೇ ಹೋಟೆಲಿಗೆ, ಅದೇ ಕೆಲಸಕ್ಕೆ ವಾಪಸು. ಕೋರ್ಟಿನ ಕಿವಿಗೆ ಮಾತ್ರ ಆ ಪದ ರಾಜೀನಾಮೆಯ ಹಾಗೆ ಕೇಳಿಸುತ್ತದೆ. ವರ್ಷದಲ್ಲಿ 240 ದಿನ ದುಡಿದರೆ ಸೇವೆ ಸತತ ಎಂದು 1972ರ ಗ್ರಾಚ್ಯುಟಿ ಕಾಯ್ದೆಯೇ ಹೇಳುತ್ತಿದ್ದಾಗ, ಒಂದೂವರೆ ತಿಂಗಳ ಗೈರುಹಾಜರಿ ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಆ ಒಂದು ಪದವನ್ನು ನಾನು ಅಫಿಡವಿಟ್‌ನಲ್ಲೇ ಬಿಡಿಸಿ ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ, ಏಕೆಂದರೆ ಅವರು ನನ್ನ ಮುಂದೆ ಆ ಪದವನ್ನು ಆಡಲೇ ಇಲ್ಲ. ಚೇಂಬರಿನಲ್ಲಿ ಕೋಟು ಹಾಕಿಕೊಂಡವನ ಎದುರು ಅವರು ಕುರ್ಚಿಯ ತುದಿಯಲ್ಲಿ ಕುಳಿತು, ನಾನು ಕೇಳಿದಷ್ಟಕ್ಕೆ ಹೌದು, ಇಲ್ಲ ಎಂದಿದ್ದರು.

ಸೋಲಿನ ನಂತರ ನಾನು ಮಾಡಿದ ಮೊದಲ ಕೆಲಸವೂ ತಪ್ಪೇ. ಕೆಲಸಗಾರರಿಗೆ ಕಾನೂನು ಗೊತ್ತಿಲ್ಲ, ಆದ್ದರಿಂದ ಪಾಠ ಮಾಡಬೇಕು ಎಂದುಕೊಂಡೆ. ಸಂಘವೊಂದರ ಸಭಾಗೃಹದಲ್ಲಿ ಭಾನುವಾರ ಸಂಜೆ ಉಪನ್ಯಾಸಮಾಲೆ ಶುರುವಾಯಿತು. ಮೊದಲ ವಾರ ಸಂವಿಧಾನದ 39ಎ ವಿಧಿ, ಉಚಿತ ಕಾನೂನು ನೆರವು. ಗೋಳಿಬಜೆ ಮತ್ತು ಚಹಾ ಇದ್ದುದರಿಂದ ನಲವತ್ತು ಜನ ಬಂದರು. ಮೂರನೆಯ ವಾರ ಹನ್ನೊಂದು. ಐದನೆಯ ವಾರ ಆರು, ಅವರಲ್ಲಿ ಇಬ್ಬರು ಸಂಘದ ಪದಾಧಿಕಾರಿಗಳು. ಭಾನುವಾರ ಸಂಜೆ ಹೋಟೆಲಿಗೆ ಅತ್ಯಂತ ಹೆಚ್ಚು ಗಿರಾಕಿ ಬರುವ ಹೊತ್ತು ಎನ್ನುವಷ್ಟು ಬುದ್ಧಿಯೂ ನನಗಿರಲಿಲ್ಲ. ಆ ಉಪನ್ಯಾಸಮಾಲೆಗೆ ಕೈಯಿಂದ ಹೋದದ್ದು ಸುಮಾರು 14 ಸಾವಿರ, ಅದರಲ್ಲಿ ಅರ್ಧ ತಿಂಡಿಗೆ.

ಅದರ ಬೆನ್ನಿಗೇ ಇನ್ನೊಂದು ಎಡವಟ್ಟು ಮಾಡಿದೆ. ಕೇಳುವವರು ಬರುತ್ತಿಲ್ಲವಲ್ಲ ಎಂದು ಕನ್ನಡದಲ್ಲಿ ಕರಪತ್ರ ಅಚ್ಚು ಹಾಕಿಸಿ, ಅದರಲ್ಲಿ ನನ್ನ ಹೆಸರು ಮತ್ತು ಫೋನ್ ಸಂಖ್ಯೆ ಹಾಕಿದೆ. ನಾಲ್ಕೇ ದಿನಗಳಲ್ಲಿ ಸಹೋದ್ಯೋಗಿಯೊಬ್ಬರು ಬಾರ್ ಕೌನ್ಸಿಲಿನ 36ನೆಯ ನಿಯಮವನ್ನು ನೆನಪಿಸಿ, ಇದು ಕೆಲಸ ಕೇಳಿಕೊಂಡು ಹೋದಂತೆ, ದೂರು ಕೊಡಬಹುದು ಎಂದು ಸೌಮ್ಯವಾಗಿಯೇ ಹೆದರಿಸಿದರು. ಅವರ ಉದ್ದೇಶ ಏನೇ ಇರಲಿ, ಮಾತು ಸರಿಯಾಗಿತ್ತು. ಎಂಟು ನೂರು ಕರಪತ್ರಗಳನ್ನು ರದ್ದಿಗೆ ಹಾಕಿದೆ. ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡೆ: ಉಪನ್ಯಾಸ ಬಿಟ್ಟು ಭಾನುವಾರಗಳಂದು ಬರೆಸತೊಡಗಿದ ಹಾಳೆ ಕೆಲಸಗಾರನದು, ಅವನು ಅದನ್ನು ಯಾವ ವಕೀಲರ ಬಳಿಗಾದರೂ, ಯೂನಿಯನ್‌ಗಾದರೂ, ಕಾನೂನು ಸೇವಾ ಪ್ರಾಧಿಕಾರಕ್ಕಾದರೂ ಒಯ್ಯಬಹುದು. ಅರ್ಧಕ್ಕಿಂತ ಹೆಚ್ಚು ಹಾಳೆಗಳು ಹಾಗೆಯೇ ಬೇರೆಡೆ ಹೋದವು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಜನ ನಂಬಿ ಬರಲು ಶುರುವಾದದ್ದು ಆ ಕಟ್ಟಳೆಯಿಂದಲೇ.

ಇನ್ನು ಹಾಳೆಯ ವಿಷಯ. ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟು ಐದು ಕಲಮು, ಅಂದರೆ ಕಾಲಂ: ಯಾವಾಗ, ಯಾವ ಹೋಟೆಲಿನಲ್ಲಿ ಯಾವ ಕೆಲಸ, ಗಲ್ಲಾದ ಮೇಲೆ ಯಾರು ಕುಳಿತಿದ್ದರು, ಅದಕ್ಕೆ ಕಾಗದವೇನಾದರೂ ಇದೆಯೇ, ಕೊನೆಯದು ಅವರದೇ ಮಾತು. ಹೈಕೋರ್ಟಿನಲ್ಲಿ ರಿಟ್ ಹಾಕುವಾಗ ನಾವೆಲ್ಲ ತಾರೀಖುಗಳ ಪಟ್ಟಿ ಕೊಡುತ್ತೇವೆ, ಇದು ಅದರದೇ ಬಡ ತಮ್ಮ. ವ್ಯತ್ಯಾಸವೆಂದರೆ ಇದನ್ನು ವಕೀಲ ಬರೆಯುವುದಿಲ್ಲ, ಇಂಗ್ಲಿಷಿನಲ್ಲಿ ಬರೆಯುವುದಿಲ್ಲ ಮತ್ತು ಕೊನೆಯ ಕಲಮಿನಲ್ಲಿ ಒಂದೇ ಒಂದು ಪದವನ್ನೂ ತಿದ್ದುವ ಅಧಿಕಾರ ನನಗಿಲ್ಲ. ತುಳುವಿನಲ್ಲಿ ಹೇಳಿದರೆ ಕನ್ನಡ ಅಕ್ಷರಗಳಲ್ಲಿ ತುಳುವನ್ನೇ ಬರೆಯಬೇಕು. ಹಿಸಾಬ್ ಎಂದರೆ ಹಿಸಾಬ್ ಎಂದೇ ಬರೆಯಬೇಕು.

ಇಸವಿ ಕೇಳಬಾರದು ಎಂಬುದನ್ನು ಕಲಿಯಲು ಮೂರು ತಿಂಗಳು ಬೇಕಾಯಿತು. ಯಾವ ಇಸವಿಯಲ್ಲಿ ಮುಂಬಯಿಗೆ ಬಂದಿರಿ ಎಂದು ಕೇಳಿದರೆ ಮನುಷ್ಯ ಮರ್ಯಾದೆಗಾಗಿ ಯಾವುದೋ ಒಂದು ಇಸವಿ ಹೇಳಿಬಿಡುತ್ತಾನೆ, ಅದು ಪಾಟೀಸವಾಲಿನಲ್ಲಿ ಮುರಿದು ಬೀಳುತ್ತದೆ. ಅದಕ್ಕೆ ಬದಲಾಗಿ ಮೊದಲೋ ಆಮೇಲೆಯೋ ಎಂದು ಕೇಳುವುದು ನಮ್ಮ ಪದ್ಧತಿ. ನೀವು ಮೊದಲ ಸಲ ಬಸ್ಸಿನಲ್ಲಿ ಬಂದಿರೋ ಕೊಂಕಣ ರೈಲಿನಲ್ಲೋ? ರೈಲು ಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ, ಹಾಗಾಗಿ ಬಸ್ಸು ಎಂದರೆ ಬಹುಮಟ್ಟಿಗೆ ಅದಕ್ಕೂ ಹಿಂದೆ. ಗಣಪತಿ ಹಾಲು ಕುಡಿದ ದಿನ, ಅಂದರೆ 1995ರ ಸೆಪ್ಟೆಂಬರ್ 21ರಂದು, ನೀವು ಯಾವ ಹೋಟೆಲಿನಲ್ಲಿದ್ದಿರಿ? ಇದಕ್ಕೆ ಉತ್ತರ ಗೊತ್ತಿಲ್ಲದ ಒಬ್ಬನನ್ನೂ ನಾನು ಇದುವರೆಗೆ ಕಂಡಿಲ್ಲ, ಏಕೆಂದರೆ ಆ ದಿನ ಚಹಾಕ್ಕೆ ಹಾಲು ಸಾಲದೆ ಹೋಗಿತ್ತು. 1993ರ ಮಾರ್ಚ್ 12ರ ಸ್ಫೋಟ, 2005ರ ಜುಲೈ 26ರ ಮಳೆ, 2008ರ ನವೆಂಬರ್ 26ರ ದಾಳಿ, ನೋಟು ರದ್ದಾದ ರಾತ್ರಿ, ಲಾಕ್‌ಡೌನ್: ಈ ಮೊಳೆಗಳಿಗೆ ಒಬ್ಬ ಕೆಲಸಗಾರನ ಇಪ್ಪತ್ತೈದು ವರ್ಷಗಳನ್ನು ತೂಗುಹಾಕಬಹುದು. 2005ರ ಮಳೆಯ ರಾತ್ರಿ ಹೋಟೆಲಿನಲ್ಲೇ ಮಲಗಿದ ಗಿರಾಕಿಗಳಿಗೆ ಯಾರು ಉಪ್ಪಿಟ್ಟು ಮಾಡಿಕೊಟ್ಟರು ಎಂಬ ವಿವರ ಯಾವ ಮಸ್ಟರಿನಲ್ಲೂ (ಹಾಜರಿ ಪುಸ್ತಕದಲ್ಲೂ) ಇರುವುದಿಲ್ಲ, ಆದರೆ ಮಾಲೀಕರನ್ನು ಪಾಟೀಸವಾಲಿಗೆ ನಿಲ್ಲಿಸಿ ಅದನ್ನು ಕೇಳಿದಾಗ ಸುಳ್ಳು ಹೇಳಲು ಅವರಿಗೂ ಮನಸ್ಸು ಬರುವುದಿಲ್ಲ. ಈ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕು, ಮೊದಲ ಪ್ರಶ್ನೆ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಪಕ್ಷದವರಿಗೂ ಕನ್ನಡ ಓದಲು ಬರುತ್ತದೆ.

ಬರೆಯುವವರು ಯಾರು ಎಂಬುದು ಮುಂದಿನ ಸಮಸ್ಯೆಯಾಯಿತು. ನಾನೇ ಕುಳಿತರೆ ಕುರ್ಚಿಯ ತುದಿಯ ಕಥೆ ಮತ್ತೆ ಶುರು. ಆದ್ದರಿಂದ ಕಾನೂನು ಕಾಲೇಜುಗಳ ಕನ್ನಡ ಬಲ್ಲ ವಿದ್ಯಾರ್ಥಿಗಳನ್ನು ಹುಡುಕಿದೆ. ಮೊದಲ ವರ್ಷ ಹನ್ನೊಂದು ಮಂದಿ ಬಂದರು, ದೀಪಾವಳಿಯ ಹೊತ್ತಿಗೆ ನಾಲ್ವರು ಉಳಿದರು. ಹೋದವರಲ್ಲಿ ಹೆಚ್ಚಿನವರಿಗೆ ಮೂಟ್ ಕೋರ್ಟಿನ (ಅಣಕು ನ್ಯಾಯಾಲಯ ಸ್ಪರ್ಧೆಯ) ಬಹುಮಾನ ಬೇಕಿತ್ತು, ಅದು ತಪ್ಪಲ್ಲ. ಉಳಿದ ನಾಲ್ವರಲ್ಲಿ ಒಬ್ಬ ಹಗಲು ಹೋಟೆಲಿನ ಗಲ್ಲಾದಲ್ಲಿ ಕುಳಿತು, ರಾತ್ರಿ ಶಾಲೆಯಲ್ಲೇ ಮೆಟ್ರಿಕ್ ಮುಗಿಸಿ, ಬೆಳಗಿನ ತರಗತಿಗಳಲ್ಲಿ ಕಾನೂನು ಓದುತ್ತಿದ್ದವನು. ಐದು ಕಲಮುಗಳಲ್ಲಿ ಮೂರನೆಯದು, ಅಂದರೆ ಗಲ್ಲಾದ ಮೇಲೆ ಯಾರಿದ್ದರು ಎಂಬುದು, ಅವನ ಸಲಹೆ. ಮುಂಬಯಿಯ ಹೋಟೆಲುಗಳು ಕಂಡಕ್ಟಿಂಗ್ ಕರಾರಿನ ಮೇಲೆ, ಅಂದರೆ ನಡೆಸಲು ಇನ್ನೊಬ್ಬರಿಗೆ ವಹಿಸಿಕೊಡುವ ಒಪ್ಪಂದದ ಮೇಲೆ, ಕೈಯಿಂದ ಕೈಗೆ ಹೋಗುತ್ತವೆ. ಮೂರು ವರ್ಷದ ಹಿಂದಷ್ಟೇ ವಹಿಸಿಕೊಂಡೆ, ಅದಕ್ಕೂ ಹಿಂದಿನದಕ್ಕೆ ನಾನು ಜವಾಬ್ದಾರನಲ್ಲ ಎಂಬುದು ಎದುರು ಪಕ್ಷದ ಪ್ರತಿಯೊಂದು ಕೈಫಿಯತ್ತಿನ (ಲಿಖಿತ ಉತ್ತರದ) ಎರಡನೆಯ ಪ್ಯಾರಾ. ಮಾಲೀಕರು ಬದಲಾದರೂ ಬೋರ್ಡು, ಲೈಸೆನ್ಸು, ಅಡುಗೆಮನೆ, ಕಾವಲಿಯ ಮುಂದೆ ನಿಂತ ಮನುಷ್ಯ ಬದಲಾಗಲಿಲ್ಲ ಎಂದು ತೋರಿಸಲು ಆ ಮೂರನೆಯ ಕಲಮು ಬಂದಷ್ಟು ಉಪಯೋಗಕ್ಕೆ ನನ್ನ ಯಾವ ಕಾನೂನು ಪುಸ್ತಕವೂ ಬರಲಿಲ್ಲ. ಹತ್ತು ಮಂದಿ ಇದ್ದ ಸಂಸ್ಥೆಗೆ ಒಮ್ಮೆ ಕಾಯ್ದೆ ಅನ್ವಯವಾದರೆ ಆಮೇಲೆ ಜನ ಕಡಿಮೆಯಾದರೂ ಅದು ಬಿಡುವುದಿಲ್ಲ ಎಂಬುದಕ್ಕೂ ಅದೇ ಕಲಮು ನೆರವಾಯಿತು.

ನನ್ನ ಸೀನಿಯರ್ ಒಬ್ಬರು, ಈಗ ಅವರಿಲ್ಲ, ಮೇಷ್ಟರಾಗುವುದಿದ್ದರೆ ಕೋಟು ಕಳಚಿಡು ಎಂದಿದ್ದರು. ಕಾನೂನು ಬೋಧನೆಗೆ ವಕೀಲರಿಗೆ 1979ರ ನಿಯಮಗಳಲ್ಲೇ ಅವಕಾಶವಿದೆ, ದಿನಕ್ಕೆ ಮೂರು ಗಂಟೆ ಮೀರಬಾರದು ಅಷ್ಟೆ ಎಂದು ನಾನು ಹೇಳಿದಾಗ, ನಿಯಮದ ಮಾತಲ್ಲ, ಹೊಟ್ಟೆಪಾಡಿನ ಮಾತು ಎಂದು ನಕ್ಕರು. 1935ರಲ್ಲಿ ಅಂಬೇಡ್ಕರ್ ಅವರು ಇದೇ ಊರಿನ ಸರಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾಗಿರಲಿಲ್ಲವೇ ಎಂದು ಕೇಳಬೇಕೆನ್ನಿಸಿತು, ಆದರೆ ಅಷ್ಟು ದೊಡ್ಡ ಹೆಸರಿನ ಪಕ್ಕ ನನ್ನ ಭಾನುವಾರವನ್ನು ಇಡಲು ನಾಚಿಕೆಯಾಗಿ ಸುಮ್ಮನಾದೆ.

ಇದಕ್ಕಿಂತ ಕಷ್ಟದ್ದು ನಮ್ಮವರದೇ ಸಿಟ್ಟು. ಮುಂಬಯಿಯಲ್ಲಿ ಕನ್ನಡದ ಸಂಘಗಳು, ಯಕ್ಷಗಾನ, ರಾತ್ರಿ ಶಾಲೆಗಳು ನಡೆದುಬಂದದ್ದರಲ್ಲಿ ಹೋಟೆಲ್ ಉದ್ಯಮಿಗಳ ದಾನದ ಪಾಲು ದೊಡ್ಡದು. ಅದನ್ನು ಮರೆತವನು ಕೃತಘ್ನ. ಅದೇ ಉದ್ಯಮಿಗಳ ಮೇಲೆ, ಅವರೇ ಕಟ್ಟಿಸಿದ ಸಭಾಗೃಹದಲ್ಲಿ ಕುಳಿತು ಅರ್ಜಿ ತಯಾರಿಸುವವನನ್ನು ಯಾರು ಸಹಿಸುತ್ತಾರೆ? ಎರಡನೆಯ ವರ್ಷ ಸಭಾಗೃಹಕ್ಕೆ ಬಣ್ಣ ಬಳಿಯುವ ಕೆಲಸ ಶುರುವಾಯಿತು, ಅದು ಭಾನುವಾರಗಳಂದು ಮಾತ್ರ ನಡೆಯುತ್ತಿತ್ತು. ನಾನು ಜಗಳವಾಡಲಿಲ್ಲ. ಪೂರ್ವ ಉಪನಗರದ ರಾತ್ರಿ ಶಾಲೆಯೊಂದರ ಮುಖ್ಯೋಪಾಧ್ಯಾಯರು, ಬೆಳಗ್ಗೆ ಏಳರಿಂದ ಹತ್ತರವರೆಗೆ ಕೋಣೆ ಕೊಡುತ್ತೇನೆ, ದೀಪ ಫ್ಯಾನಿನ ಖರ್ಚು ನಿಮ್ಮದು ಎಂದರು. ಆ ಹೊತ್ತು ರಾತ್ರಿ ಪಾಳಿ ಮುಗಿಸಿದವರಿಗೂ ಮಧ್ಯಾಹ್ನದ ಪಾಳಿಯವರಿಗೂ ಹೊಂದಿಕೆಯಾಯಿತು. ಬಣ್ಣ ಬಳಿಸಿದವರಿಗೆ ನಾನು ಋಣಿ.

ಮಾಲೀಕರ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾಳೆ ತುಂಬಿದ ಮೇಲೆ ನೋಟಿಸಿಗೂ ಮೊದಲು ನಾನು ಅದರ ಪ್ರತಿಯನ್ನು ಹಿಡಿದು ಹೋಟೆಲಿಗೆ ಹೋಗಿ, ಗಲ್ಲಾದ ಬಳಿ ಚಹಾ ಕುಡಿದು ಬರುವ ರೂಢಿ ಇಟ್ಟುಕೊಂಡೆ. ಮೂವರಲ್ಲಿ ಒಬ್ಬ ಮಾಲೀಕರಾದರೂ ಹಾಳೆಯನ್ನು ಪೂರ್ತಿ ಓದಿ, ಇವನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನೆ ಮಾರಾಯ್ರೇ ಎಂದು ಚೆಕ್ ಬರೆದಿದ್ದಾರೆ. ಅವರಲ್ಲಿ ಅನೇಕರು ತಾವೇ ಒಂದು ಕಾಲಕ್ಕೆ ಮೋರಿಯಲ್ಲಿ ಪಾತ್ರೆ ತೊಳೆದವರು.

ನಾಲ್ಕನೆಯ ಕಲಮಿನ ಕಾಗದಗಳು ಎಲ್ಲೆಲ್ಲಿಂದ ಬಂದವು ಎನ್ನುವುದೇ ಒಂದು ಕಥೆ. ನೇಮಕಾತಿ ಪತ್ರ ಕೇಳಿದರೆ ನಗುತ್ತಾರೆ. ಆದರೆ ಊರಿನ ಮನೆಯಲ್ಲಿ ತಾಯಿಯೋ ಹೆಂಡತಿಯೋ ಮನಿಯಾರ್ಡರ್ ಕೂಪನ್ನುಗಳನ್ನು ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕಿರುತ್ತಾರೆ. ಅದರಲ್ಲಿ ಕಳುಹಿಸಿದವನ ವಿಳಾಸವಾಗಿ ಹೋಟೆಲಿನ ಹೆಸರು, ಅಂಚೆಯ ಮೊಹರು, ತಾರೀಖು ಎಲ್ಲವೂ ಇರುತ್ತವೆ. ಬ್ರಹ್ಮಾವರದ ಕಡೆಯಿಂದ ಬಂದ ಒಂದು ತಂತಿಯಲ್ಲಿ ಹನ್ನೆರಡು ವರ್ಷಗಳ ಕೂಪನ್ನುಗಳಿದ್ದವು, ಮೇಲಿನ ಇಪ್ಪತ್ತನ್ನು ಗೆದ್ದಲು ತಿಂದಿತ್ತು. ರಾತ್ರಿ ಶಾಲೆಯ ದಾಖಲೆ ಇನ್ನೊಂದು ಗಣಿ: ಹುಡುಗರ ಮನೆ ವಿಳಾಸದ ಜಾಗದಲ್ಲಿ ಶಾಲೆಯವರು ಹೋಟೆಲಿನ ವಿಳಾಸ ಬರೆದುಕೊಂಡಿರುತ್ತಾರೆ. ಶಿಕ್ಷಣ ಸಂಸ್ಥೆಯೊಂದು ಕೋರ್ಟಿಗೆ ಇಷ್ಟು ನೇರವಾಗಿ ಉಪಯೋಗಕ್ಕೆ ಬರಬಹುದೆಂದು ನಾನು ಎಣಿಸಿರಲಿಲ್ಲ. ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಆಗಬೇಕಾದ ವೈದ್ಯಕೀಯ ತಪಾಸಣೆಯ ಕಾಗದ ಮೂರನೆಯದು. ಲೈಸೆನ್ಸಿಗಾಗಿ ಮಾಲೀಕರೇ ಮಾಡಿಸಿಟ್ಟ ಕಾಗದ, ತಮ್ಮ ಕೆಲಸಗಾರನಲ್ಲ ಎನ್ನಲು ಆಮೇಲೆ ಬಾಯಿಲ್ಲ. ಮಸ್ಟರನ್ನು ಎದುರು ಪಕ್ಷದವರೇ ತಂದು ಒಪ್ಪಿಸುವಂತೆ ಮಾಡುವ ಒಂದು ಉಪಾಯವೂ ಇದೆ. ಅದು ನನ್ನ ಬಳಿಯೇ ಇರಲಿ.

ನಡುವೆ ಮಾಡಿದ ಪ್ರಯೋಗಗಳಲ್ಲಿ ಎರಡನ್ನು ಹೇಳುತ್ತೇನೆ. ಬರೆಯುವ ಬದಲು ಫೋನಿನಲ್ಲಿ ಧ್ವನಿಮುದ್ರಿಸೋಣ ಎಂದು ವಿದ್ಯಾರ್ಥಿಗಳು ಹಠ ಹಿಡಿದರು. ಮೂರು ತಿಂಗಳಲ್ಲಿ ನಲವತ್ತು ಗಂಟೆಗಳ ಮಾತು ಸೇರಿತು, ಅದನ್ನು ಕೇಳಿ ಬರೆಯುವವರು ಯಾರೂ ಇರಲಿಲ್ಲ. ಫೋನು ಕಂಡೊಡನೆ ಜನ ರೇಡಿಯೋದಲ್ಲಿ ಮಾತನಾಡುವಂತೆ ಮಾತನಾಡತೊಡಗಿದರು. ಅದನ್ನು ಕೈಬಿಟ್ಟೆವು.

ಎರಡನೆಯದು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪಾಟೀಸವಾಲು ಎಂದರೇನು ಎಂದು ಕೆಲಸಗಾರರಿಗೂ ವಿದ್ಯಾರ್ಥಿಗಳಿಗೂ ಒಟ್ಟಿಗೆ ತೋರಿಸಲು ವಾಲಿ ರಾಮನನ್ನು ಪ್ರಶ್ನಿಸುವ ಪ್ರಸಂಗಕ್ಕಿಂತ ಒಳ್ಳೆಯದು ಯಾವುದಿದೆ ಎಂದುಕೊಂಡು, ಹವ್ಯಾಸಿ ಅರ್ಥಧಾರಿಗಳಿಬ್ಬರನ್ನು ಕರೆಸಿದೆ. ಚೆಂಡೆ ಮದ್ದಳೆಯವರ ಗೌರವಧನ, ಟ್ಯಾಕ್ಸಿ, ಊಟ ಸೇರಿ 9 ಸಾವಿರ. ಕಾರ್ಯಕ್ರಮ ಅದ್ಭುತವಾಗಿತ್ತು, ಹತ್ತರ ಬದಲು ಒಂದು ಗಂಟೆಗೆ ಮುಗಿಯಿತು, ಮಧ್ಯಾಹ್ನದ ಪಾಳಿಯವರೆಲ್ಲ ಬೈಸಿಕೊಂಡರು. ಕೆಟ್ಟದ್ದು ಮುಂದಿನ ತಿಂಗಳು ಗೊತ್ತಾಯಿತು. ನಮ್ಮ ಸಾಕ್ಷಿಯೊಬ್ಬರು ಕಟಕಟೆಯಲ್ಲಿ ನಿಂತು, ಒಂದು ಸಣ್ಣ ಪ್ರಶ್ನೆಗೆ ರಾಮನ ಹಾಗೆ ಧರ್ಮಸೂಕ್ಷ್ಮದಿಂದ ಶುರುಮಾಡಿ ಏಳು ನಿಮಿಷ ಮಾತನಾಡಿದರು. ಪ್ರಸಂಗ ಕಲಿಸಿದ್ದು ಬೇರೆ, ನಮಗೆ ಬೇಕಾದದ್ದು ಬೇರೆ. ಅರ್ಥಗಾರಿಕೆಯಲ್ಲಿ ಉತ್ತರ ಬೆಳೆದಷ್ಟೂ ಸೊಗಸು, ಕಟಕಟೆಯಲ್ಲಿ ಉತ್ತರ ಬೆಳೆದಷ್ಟೂ ಎದುರು ವಕೀಲರಿಗೆ ಹಬ್ಬ. ಆಮೇಲೆ ವಾಲಿಯ ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡು, ರಾಮ ಹೌದು ಇಲ್ಲಗಳಲ್ಲೇ ಉತ್ತರಿಸಬೇಕೆಂಬ ಷರತ್ತಿನಲ್ಲಿ ಹತ್ತು ನಿಮಿಷದ ಆಟವೊಂದನ್ನು ಹುಡುಗರು ಕಟ್ಟಿದರು. ಅರ್ಥಧಾರಿಗಳು ನೋಡಿದ್ದರೆ ಅತ್ತಿರುತ್ತಿದ್ದರು, ನಮಗೆ ಮಾತ್ರ ಅದು ಇಂದಿಗೂ ಕೆಲಸಕ್ಕೆ ಬರುತ್ತಿದೆ.

ಸಾಕ್ಷಿಗೆ ಉತ್ತರ ಹೇಳಿಕೊಡುತ್ತೀರಿ ಎಂಬ ಆಕ್ಷೇಪ ಸಹಜವಾಗಿ ಬಂದಿತು. ಈ ಗೆರೆಯ ವಿಷಯದಲ್ಲಿ ನಾನು ಮಡಿವಂತ. ಪಾಟೀಸವಾಲು ಹೇಗಿರುತ್ತದೆ, ಪ್ರಶ್ನೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಬಹುದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುವುದು ಅವಮಾನವಲ್ಲ, ಇಷ್ಟನ್ನು ಹೇಳಿಕೊಡುತ್ತೇವೆ. ಅವರದೇ ಪ್ರಕರಣದ ಒಂದು ಪ್ರಶ್ನೆಯನ್ನೂ ತಾಲೀಮಿನಲ್ಲಿ ಕೇಳುವುದಿಲ್ಲ. ಅಫಿಡವಿಟ್ಟನ್ನು ಮಾತ್ರ ವಿದ್ಯಾರ್ಥಿಯೊಬ್ಬ ಪ್ಯಾರಾ ಪ್ಯಾರಾವಾಗಿ ಕನ್ನಡದಲ್ಲಿ ಓದಿ ಹೇಳುತ್ತಾನೆ, ಹಾಳೆಯ ಮಾತಿಗೂ ಅದಕ್ಕೂ ವ್ಯತ್ಯಾಸ ಕಂಡರೆ ತಿದ್ದುವುದು ಅಫಿಡವಿಟ್ಟನ್ನು.

ಇನ್ನು ಹಣದ ಮಾತು. ಮೊದಲ ಎರಡು ವರ್ಷ ಕೈಯಿಂದ ಹೋದದ್ದು ಎಲ್ಲ ಸೇರಿ 80ರಿಂದ 90 ಸಾವಿರ: ಕರೆಂಟು, ಚಹಾ, ಜೆರಾಕ್ಸ್, ವಿದ್ಯಾರ್ಥಿಗಳ ಲೋಕಲ್ ಪಾಸು. ಭಾನುವಾರ ಬೆಳಗಿನ ಕಕ್ಷಿದಾರರನ್ನು ಕಳೆದುಕೊಂಡದ್ದರ ಲೆಕ್ಕವನ್ನು ಮನೆಯಲ್ಲಿ ಬೇರೆಯವರು ಇಟ್ಟಿದ್ದಾರೆ, ಅದು ಇನ್ನೂ ದೊಡ್ಡದು. ಬಂದ ಹಣದಲ್ಲಿ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡುವುದಕ್ಕೆ ನಮ್ಮ ನಿಯಮಗಳು ಒಪ್ಪುವುದಿಲ್ಲ, ಹಾಗಾಗಿ ಟೈಪಿಂಗ್ ಮತ್ತು ಓಡಾಟಕ್ಕೆ ಆರಂಭದಲ್ಲಿ 1,500, ಸಾಕ್ಷ್ಯ ಶುರುವಾದಾಗ ಇನ್ನೊಂದು 2,000 ಎಂದು ನಿಗದಿ ಮಾಡಿದೆ, ಕೊಡಲಾಗದವರು ಕೊಡಲಿಲ್ಲ. ಇದುವರೆಗೆ ನಾನೇ ನಡೆಸಿದವು 27. ಮೂರರಲ್ಲಿ ಸೋತಿದ್ದೇನೆ, ಐದರಲ್ಲಿ ಕಡಿಮೆ ಮೊತ್ತಕ್ಕೆ ಒಪ್ಪಿದ್ದೇವೆ, ಉಳಿದವುಗಳಲ್ಲಿ ಬರಬೇಕಾದದ್ದು ಬಂದಿದೆ. ಒಟ್ಟು 34 ಲಕ್ಷದ ಆಸುಪಾಸು. ಕೆಲವರಿಗೆ ಇದು ದಕ್ಷಿಣ ಮುಂಬಯಿಯ ಒಂದು ದಿನದ ಫೀ ಇರಬಹುದು.

ಆದೇಶ ಬೇರೆ, ಹಣ ಬೇರೆ ಎಂಬುದು ಹೊಸಬರಿಗೆ ತಡವಾಗಿ ತಿಳಿಯುತ್ತದೆ. ವಸೂಲಿ ಪ್ರಮಾಣಪತ್ರ ಕಲೆಕ್ಟರ್ ಕಚೇರಿಗೆ ಹೋಗಿ ಭೂಕಂದಾಯ ಬಾಕಿಯಂತೆ ವಸೂಲಾಗಬೇಕು. ಒಂದು ಪ್ರಕರಣದಲ್ಲಿ ಅದಕ್ಕೆ ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಆದರೆ ಮಾಲೀಕರು ಮೇಲ್ಮನವಿ ಮಾಡಬೇಕಾದರೆ ಪೂರ್ತಿ ಮೊತ್ತವನ್ನು ಮೊದಲು ಠೇವಣಿ ಇಡಬೇಕಿತ್ತು, ಶೇಕಡ 10ರ ಸರಳ ಬಡ್ಡಿಯೂ ಬೆಳೆಯುತ್ತಿತ್ತು. ಈ ಎರಡನ್ನೂ ಗಲ್ಲಾದ ಬಳಿ ಶಾಂತವಾಗಿ ವಿವರಿಸಿದರೆ ಲೋಕ್ ಅದಾಲತ್‌ಗೆ ದಾರಿ ತೆರೆಯುತ್ತದೆ. ಅಲ್ಲಿಯ ಆದೇಶಕ್ಕೆ ಮೇಲ್ಮನವಿ ಇಲ್ಲ, ಆದ್ದರಿಂದ ಡಿಮಾಂಡ್ ಡ್ರಾಫ್ಟ್ ಕೈಗೆ ಬಂದ ಮೇಲೆಯೇ ನಮ್ಮವರ ಸಹಿ ಎಂಬುದನ್ನು ನಾನು ಈಗ ಸಡಿಲಿಸುವುದಿಲ್ಲ. ಮೊದಮೊದಲು ಒಮ್ಮೆ ಸಡಿಲಿಸಿ, ಚೆಕ್ಕು ವಾಪಸು ಬಂದು, ಗ್ರಾಚ್ಯುಟಿಯ ಜತೆಗೆ ಚೆಕ್ಕಿನ ಮೊಕದ್ದಮೆಯನ್ನೂ ನಡೆಸಿದ್ದೇನೆ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಬ್ಬ ದೋಸೆ ಭಟ್ಟರ ಪ್ರಕರಣ. 28 ವರ್ಷ ಒಂದೇ ಕಾವಲಿಯ ಮುಂದೆ, ಕಂಡಕ್ಟಿಂಗ್ ಕರಾರಿನ ನಾಲ್ವರು ಮಾಲೀಕರ ಕೈಕೆಳಗೆ ದುಡಿದವರು. ಕೊನೆಯ ಸಂಬಳ 14 ಸಾವಿರ. ಮಸ್ಟರಿನಲ್ಲಿ ಕೊನೆಯ ಮೂರು ವರ್ಷ ಮಾತ್ರ ಹೆಸರಿತ್ತು. ಎದುರಿಗೆ ಇದ್ದವರು, ಎಷ್ಟೋ ವರ್ಷಗಳ ಹಿಂದೆ ನನ್ನನ್ನು ಸೋಲಿಸಿದ್ದ ಅದೇ ವಕೀಲರು. ಅವರು ಅದೇ ಪ್ರಶ್ನೆಯನ್ನು ತೆಗೆದರು: ಹಿಸಾಬ್ ಮಾಡಿಕೊಂಡು ಹೋಗುತ್ತಿದ್ದಿರಾ? ಭಟ್ಟರು ಹೌದು ಎಂದರು. ಅಲ್ಲಿಗೆ ಬಿಟ್ಟಿದ್ದರೂ ನಮ್ಮ ಅಫಿಡವಿಟ್‌ನ ಆರನೆಯ ಪ್ಯಾರಾದಲ್ಲಿ ಹಿಸಾಬ್ ಪದದ ಅರ್ಥ, ಪ್ರತಿ ವರ್ಷ ದುಡಿದ ದಿನಗಳ ಎಣಿಕೆ ಎಲ್ಲವೂ ಇದ್ದವು. ಅವರು ಬಿಡಲಿಲ್ಲ, ಅಂದರೆ ಕೆಲಸ ಬಿಟ್ಟು ಹೋಗುತ್ತಿದ್ದಿರಿ, ಅಲ್ಲವೇ ಎಂದು ಒತ್ತಿದರು. ಭಟ್ಟರು ಸ್ವಲ್ಪ ಯೋಚಿಸಿ, ಇಲ್ಲ, ಟ್ರಂಕ್ ಅಟ್ಟದ ಮೇಲೆಯೇ ಇರುತ್ತಿತ್ತು ಎಂದರು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ, ಯಾವ ಟ್ರಂಕ್ ಎಂದು ತಾವೇ ಕೇಳಿದರು. ಬಟ್ಟೆಯ ಟ್ರಂಕ್, ಬೀಗ ಹಾಕಿ ಹೋಟೆಲಿನ ಅಟ್ಟದ ಮೇಲೆ ಬಿಟ್ಟು ಹೋಗುತ್ತಿದ್ದೆ, ಒಂದು ಸಲ ಬೀಗದ ಕೈ ಕಳೆದುಹೋಗಿ ಮಾಲೀಕರೇ ಒಡೆಸಿಕೊಟ್ಟರು. ಈ ವಾಕ್ಯವನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದು ಐದನೆಯ ಕಲಮಿನಲ್ಲಿ, ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳ ಕೈಬರಹದಲ್ಲಿ, ಒಂದೂವರೆ ವರ್ಷದಿಂದ ಇತ್ತು. ಅದು ಉಪಯೋಗಕ್ಕೆ ಬಾರದ ಮಾತೆಂದು ನಾನು ಅಫಿಡವಿಟ್‌ನಿಂದ ಬಿಟ್ಟುಬಿಟ್ಟಿದ್ದೆ. ಅಸಲು 2 ಲಕ್ಷ 26 ಸಾವಿರ, ಬಡ್ಡಿ ಸೇರಿ 3 ಲಕ್ಷ ದಾಟಿತು. ಮೇಲ್ಮನವಿ ಬರಲಿಲ್ಲ.

ಆ ಗಲ್ಲಾದ ಹುಡುಗ ಈಗ ವಕೀಲ. 2022ರಲ್ಲಿ ನೋಂದಣಿಗೆ ಎಲ್ಲ ಸೇರಿ ಸುಮಾರು 15 ಸಾವಿರ ಬೇಕಾದಾಗ ಭಾನುವಾರದವರೇ ಹಣ ಕೂಡಿಸಿದರು, ಕೂಡಿಸಿದವರಲ್ಲಿ ಚೆಕ್ ಬರೆದ ಒಬ್ಬ ಮಾಲೀಕರೂ ಇದ್ದರು. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಹೇಳಿದ 750 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟಿತು, ಆದರೆ ಹಿಂದೆ ಕಟ್ಟಿದವರಿಗೆ ಹಣ ವಾಪಸು ಇಲ್ಲ. ನನ್ನ ಹಿಸಾಬ್ ಬಾಕಿ ಇದೆ ಎಂದು ಅವನು ಆಗಾಗ ಹೇಳುತ್ತಿರುತ್ತಾನೆ.

2025ರ ನವೆಂಬರ್ 21ರಿಂದ ಹಳೆಯ ಗ್ರಾಚ್ಯುಟಿ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಿಗದಿತ ಅವಧಿಗೆಂದು ನೇಮಕವಾದವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷದ ಸೇವೆ ಸಾಕು ಎನ್ನುತ್ತದೆ ಅದು. ಈಚೆಗೆ ಒಂದು ಭಾನುವಾರ ಸಪ್ಲೈಯರ್ ಹುಡುಗನೊಬ್ಬ ಹೊಚ್ಚಹೊಸ ನೇಮಕಾತಿ ಪತ್ರ ತಂದು ತೋರಿಸಿದ. ಹೋಟೆಲ್ ಹುಡುಗನ ಕೈಯಲ್ಲಿ ನೇಮಕಾತಿ ಪತ್ರ ಕಂಡದ್ದು ನನಗೆ ಅದೇ ಮೊದಲು, ಸಂತೋಷದಿಂದ ಓದಲು ಕುಳಿತೆ. ಅವಧಿ ಹನ್ನೊಂದು ತಿಂಗಳು. ಅದಾದ ಮೇಲೆ ಎಂದು ಕೇಳಿದರೆ, ಹಿಸಾಬ್ ಮಾಡಿ ಒಂದು ತಿಂಗಳು ಊರಿಗೆ ಹೋಗಿ ಬಾ ಎಂದಿದ್ದಾರೆ ಎಂದ. ವಿದ್ಯಾರ್ಥಿನಿಯೊಬ್ಬಳು ಹೊಸ ಹಾಳೆ ತೆಗೆದು, ಐದನೆಯ ಕಲಮಿನಲ್ಲಿ ಆ ಮಾತನ್ನು ಹಾಗೆಯೇ ಬರೆದುಕೊಂಡು, ಟ್ರಂಕ್ ಎಲ್ಲಿಡುತ್ತೀಯ ಎಂದು ಕೇಳಿದಳು.